ಯಂತ್ರದೊಡನೆ ಎರಡು ಮಾತು



ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಛಂದಸ್ಸು, ಅಲಂಕಾರ, ಹಳಗನ್ನಡ ವ್ಯಾಕರಣ ನನ್ನ ಕಸುಬು. ಇಂಥವನು ಕಂಪ್ಯೂಟರಿನ ಮಾತೆತ್ತಿದ್ದಾನಲ್ಲ ಎಂದು ನೀವು ನಗಬಹುದು. ನಗಿರಿ, ಆದರೆ ಸಂಗತಿಯನ್ನು ಕೇಳಿದ ಮೇಲೆ ನಗಿರಿ.

ನಮ್ಮ ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಯಂತ್ರವೊಂದಿದೆ. ದಿನದಿನದ ಮಳೆಯನ್ನು ತಾನೇ ಅಳೆದು ತನ್ನ ಹೊಟ್ಟೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬಿತ್ತನೆಯ ಕಾಲ ಬಂದರೆ ಸಾಕು, "ಹೋದ ವರ್ಷ ರೋಹಿಣಿಗೆ ಎಷ್ಟು ಬಿತ್ತು ಮೇಷ್ಟ್ರೇ?" ಎಂದು ರೈತರು ಕೇಳಲು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಆ ಯಂತ್ರದ ಪುಟ್ಟ ಪರದೆ ಕೆಟ್ಟುಹೋಯಿತು. ಮಾರಿದವರನ್ನು ವಿಚಾರಿಸಿದರೆ, "ಹಳೆಯ ಮಾದರಿ, ಹೊಸದನ್ನು ಕೊಂಡುಕೊಳ್ಳಿ" ಎಂಬ ಉತ್ತರ. ಒಳಗಿದ್ದ ನಾಲ್ಕು ವರ್ಷಗಳ, ಎಂದರೆ 1,461 ದಿನಗಳ ಲೆಕ್ಕದ ಗತಿಯೇನು? ಮಕ್ಕಳು ಬರೆದಿಟ್ಟ ಪುಸ್ತಕವೊಂದಿತ್ತು. ಅದು ಸೋರುವ ಕೊಠಡಿಯಲ್ಲಿ ಅದೇ ಮಳೆಗೆ ನೆನೆದು ಮುದ್ದೆಯಾಗಿತ್ತು.

ಪಂಪು, ಮೋಟಾರು ರಿಪೇರಿ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. "ಮೇಷ್ಟ್ರೇ, ಇದರ ಮುಖ ಕೆಟ್ಟಿದೆ, ಬಾಯಿ ಕೆಟ್ಟಿಲ್ಲ. ಸೀರಿಯಲ್ ತಂತಿ ಇದೆ" ಎಂದ. ಸೀರಿಯಲ್ ಎಂದೊಡನೆ ಟೆಲಿವಿಷನ್ನಿನ ಸಂಜೆಯ ಕಥೆಗಳನ್ನು ನೆನೆಯಬೇಡಿ. ಒಂದಾದ ಮೇಲೆ ಒಂದರಂತೆ, ಸಾಲಾಗಿ ಸಂಕೇತಗಳನ್ನು ಕಳುಹಿಸುವ ಕ್ರಮಕ್ಕೆ ಆ ಹೆಸರು. ತಂತಿಗಳು ಮೂರೇ: ಹೇಳುವುದಕ್ಕೊಂದು, ಕೇಳುವುದಕ್ಕೊಂದು, ನೆಲದ್ದೊಂದು. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸೇರಬೇಕಾದ್ದರಿಂದ ಮೊದಲೆರಡನ್ನು ಅದಲುಬದಲಾಗಿ ಜೋಡಿಸಬೇಕು.

ಆತ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಚಿತ್ರವಿಲ್ಲದ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಬರೆದ. ಮೊದಲು ಪಿಕೋಕಾಮ್ ಎಂಬ ಉಪಕರಣದ ಹೆಸರು, ಅನಂತರ ವೇಗ, ಕೊನೆಗೆ ಬಾಗಿಲಿನ ಹೆಸರು. ಆ ಬಾಗಿಲ ಹೆಸರು ಟಿಟಿವೈ ಎಂದು ಮೊದಲಾಗುತ್ತದೆ. ಟೆಲಿಟೈಪ್‌ರೈಟರ್, ಅಂದರೆ ಅಕ್ಷರ ಅಚ್ಚೊತ್ತುವ ತಂತಿಯಂತ್ರದ ಹೆಸರಿನ ಕುರುಹು ಅದು. ನಮ್ಮ ದೇಶದಲ್ಲಿ ತಂತಿ ಸಂದೇಶದ ಸೇವೆ 2013ರ ಜುಲೈನಲ್ಲಿ ನಿಂತಿತು. ಹೆಸರು ಮಾತ್ರ ಕಂಪ್ಯೂಟರಿನೊಳಗೆ ಬದುಕಿದೆ.

ಪರದೆಯ ಮೇಲೆ ಬಂದದ್ದು ಅಕ್ಷರವಲ್ಲ, ಕಸ. "ಇದ್ಯಾವ ಲಿಪಿಯಪ್ಪಾ?" ಎಂದೆ. "ಲಿಪಿ ಸರಿ ಇದೆ ಮೇಷ್ಟ್ರೇ, ಲಯ ತಪ್ಪಿದೆ" ಎಂದ. ಆಗ ನನಗೆ ಕಿವಿ ನಿಮಿರಿತು.

ಛಂದಸ್ಸಿನಲ್ಲಿ ನಮಗಿರುವುದು ಎರಡೇ ಗುರುತು, ಲಘು ಮತ್ತು ಗುರು. ಮೂರು ಅಕ್ಷರಗಳಲ್ಲಿ ಇವನ್ನು ಪ್ರಸ್ತಾರ ಹಾಕಿದರೆ ಎಂಟು ಗಣಗಳು. ಯಂತ್ರಕ್ಕೂ ಎರಡೇ ಗುರುತು, ಸೊನ್ನೆ ಮತ್ತು ಒಂದು. ಎಂಟು ಸ್ಥಾನಗಳಲ್ಲಿ ಪ್ರಸ್ತಾರ ಹಾಕಿದರೆ 256 ರೂಪಗಳು. ಪ್ರತಿಯೊಂದು ಗಣಕ್ಕೂ ಮುಂದೆ ಆರಂಭದ ಗುರುತೊಂದು, ಹಿಂದೆ ಯತಿಯಂತೆ ವಿರಾಮದ ಗುರುತೊಂದು, ಒಟ್ಟು ಹತ್ತು. ಕೇಳುವವನು ಹೇಳುವವನ ಲಯದಲ್ಲೇ ಎಣಿಸಬೇಕು. ಯಂತ್ರ ಸೆಕೆಂಡಿಗೆ 9,600 ಗುರುತುಗಳಂತೆ ಹೇಳುತ್ತಿತ್ತು. ನಾವು 1,15,200ರ ಲಯದಲ್ಲಿ ಕೇಳುತ್ತಿದ್ದೆವು. ಅದರ ಒಂದು ಗುರುತನ್ನು ನಾವು ಹನ್ನೆರಡೆಂದು ಎಣಿಸಿದರೆ ಪದ್ಯ ಉಳಿದೀತೆ? ಈ ವೇಗದ ಮಾನಕ್ಕೆ ಬಾಡ್ ಎಂದು ಹೆಸರು. 1874ರಲ್ಲಿ ಐದು ಗುರುತಿನ ತಂತಿ ಸಂಕೇತಕ್ಕೆ ಹಕ್ಕುಪತ್ರ ಪಡೆದ ಫ್ರಾನ್ಸಿನ ಎಮಿಲ್ ಬೊಡೊ ಅವರ ನೆನಪಿಗೆ ಇಟ್ಟದ್ದು.

ವೇಗವನ್ನು 9,600ಕ್ಕೆ ಇಳಿಸಿ ಮತ್ತೆ ಅದೇ ಸಾಲು ಬರೆದ. ದಿನಾಂಕ, ಮಿಲಿಮೀಟರು, ದಿನಾಂಕ, ಮಿಲಿಮೀಟರು, ಸಾಲುಸಾಲಾಗಿ ಇಳಿಯತೊಡಗಿತು. ನಾಲ್ಕು ವರ್ಷಗಳ ಮಳೆ ಒಂದು ನಿಮಿಷದೊಳಗೆ ಸುರಿದುಹೋಯಿತು. ಬಂದದ್ದನ್ನೆಲ್ಲ ಕಡತದಲ್ಲಿ ಬರೆದಿಡು ಎಂಬ ಆಜ್ಞೆಯನ್ನೂ ಅದೇ ಸಾಲಿನಲ್ಲಿ ಕೊಟ್ಟಿದ್ದ.

ನನಗೊಂದು ಸಂದೇಹ ಬಂತು: ಈ ತಂತಿಯಲ್ಲಿ ಕನ್ನಡ ಹರಿಯುತ್ತದೆಯೇ? ಎರಡು ಲ್ಯಾಪ್‌ಟಾಪುಗಳನ್ನು ಜೋಡಿಸಿ 'ಮಳೆ' ಎಂದು ಬರೆದೆವು. ಆ ಕಡೆ 'ಮಳೆ' ಎಂದೇ ಬಂತು. ಆಮೇಲೆ ಆತ ಬೇಕೆಂದೇ ಗಣವನ್ನು ಏಳು ಸ್ಥಾನಕ್ಕೆ ಇಳಿಸಿದ. ಕನ್ನಡ ಒಡೆದು ಚೂರಾಯಿತು, ಇಂಗ್ಲಿಷು ಮಾತ್ರ ಉಳಿಯಿತು. 1963ರ ಆಸ್ಕಿ ಸಂಕೇತಕ್ಕೆ ಏಳು ಸ್ಥಾನ ಸಾಕು, ಅದರಲ್ಲಿರುವುದು 128 ರೂಪಗಳು. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಳ ದೊರೆತದ್ದು 1991ರಲ್ಲಿ. ಇಂದು ರೂಢಿಯಲ್ಲಿರುವ ಯುಟಿಎಫ್-8 ಬರಹದಲ್ಲಿ ನಮ್ಮ ಒಂದೊಂದು ಗುರುತಿಗೂ ಎಂಟು ಸ್ಥಾನದ ಮೂರು ಗಣಗಳು ಬೇಕು. ಮ, ಳ, ಎತ್ವ ಸೇರಿ ಒಂಬತ್ತು. ಆದರೂ 'ಮಳೆ' ದಾಟಲು ಸೆಕೆಂಡಿನ ನೂರರಲ್ಲೊಂದು ಭಾಗವೂ ಬೇಡ. ಭಾರವೆಂದು ಕನ್ನಡವನ್ನು ಬಿಡಬೇಕಾದ ಕಾರಣವೇ ಇಲ್ಲ. ಎಂಟನೆಯ ಸ್ಥಾನವೊಂದನ್ನು ತೆರೆದಿಟ್ಟರಾಯಿತು.

ಮನೆಯಲ್ಲಿ ಇದನ್ನು ಮಾಡಹೊರಡುವ ಹುಡುಗರಿಗೊಂದು ಎಚ್ಚರಿಕೆ. 1960ರಲ್ಲಿ ಮೊದಲಾದ ಆರ್‌ಎಸ್-232 ಪದ್ಧತಿಯ ತಂತಿಯಲ್ಲಿ ಹದಿನೈದು ವೋಲ್ಟಿನವರೆಗೂ ಬರಬಹುದು. ಈಗಿನ ಚಿಕ್ಕ ಯಂತ್ರಗಳದ್ದು ಐದೋ ಮೂರು ಚಿಲ್ಲರೆಯೋ. ನೇರವಾಗಿ ಕೂಡಿಸಿದರೆ ಸುಟ್ಟಾವು. ತಕ್ಕ ಪರಿವರ್ತಕವನ್ನು ನಡುವೆ ಇರಿಸಿಕೊಳ್ಳಿ.

ಶಾಲೆಗೋ ಪಂಚಾಯತಿಗೋ ಯಂತ್ರ ಕೊಳ್ಳುವ ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಬೆಲೆ ಕೇಳುವಾಗಲೇ, "ಒಳಗಿನ ಲೆಕ್ಕವನ್ನು ನಾವೇ ಹೊರಗೆ ತೆಗೆಯಬಹುದೆ?" ಎಂದೂ ಕೇಳಿ. ನಮ್ಮ ಮಳೆಯ ಲೆಕ್ಕ ನಮ್ಮದು. ಅದು ಇನ್ನೊಬ್ಬರ ಬೀಗದೊಳಗೆ ಇರಬಾರದು.

ಪೆಟ್ಟಿಗೆಯ ಮುಚ್ಚಳದ ಒಳಗೆ ನಾನೀಗ ಒಂದು ಚೀಟಿ ಅಂಟಿಸಿದ್ದೇನೆ: "ವೇಗ 9,600, ಎಂಟು ಸ್ಥಾನ, ತಾಳೆಯ ಗುರುತು ಇಲ್ಲ, ವಿರಾಮ ಒಂದು." ನನ್ನ ಬಳಿಕ ಬರುವ ಮೇಷ್ಟರಿಗೆ ಅಷ್ಟು ಸಾಕು. ಈ ವರ್ಷ ರೋಹಿಣಿಗೆ ಮುಂಚೆ ರೈತರು ಬಂದಾಗ ಉತ್ತರ ನನ್ನ ಕೈಯಲ್ಲಿತ್ತು.