ಕಾಡು ಬಿಟ್ಟು ಬಂದವರೂ ಸಹಕಾರ ಸಂಘವೂ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ರೈತರ ಮುಂದೆ ಕಾಡಿನ ಜನರ ಮಾತು ಏಕೆ ಎಂದು ತಾವು ಕೇಳಬಹುದು. ನಮ್ಮದು ಕಡಲೆಕಾಯಿ, ರಾಗಿ, ಹುಣಸೆಯ ಬಯಲುಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಆದರೂ ವನ್ಯಮೃಗಗಳಿಗೆಂದು ಕಾಯ್ದಿಟ್ಟ ಭೂಮಿ ನಮ್ಮ ಬಾಗಿಲಿಗೂ ಬಂದಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಕೃಷ್ಣಮೃಗಗಳಿರುವ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ಸಂರಕ್ಷಣಾ ಮೀಸಲಿನಲ್ಲಿ ಜನರ ಹಕ್ಕಿಗೆ ಧಕ್ಕೆಯಿಲ್ಲವೆಂದು ಕಾನೂನೇ ಹೇಳುತ್ತದೆ. ಅಭಯಾರಣ್ಯದ ನಿಯಮ ಅದಕ್ಕಿಂತ ಬಿಗಿ. ಕಾಡಂಚಿನಲ್ಲಿ ಕುರಿ ಮೇಯಿಸುವ ಹಟ್ಟಿಯವರಿಗೂ, ಹೊಂಗೆ ಬೇವಿನ ಬೀಜ, ಸೀತಾಫಲ ಆಯ್ದು ಮಾರುವ ಬಡವರಿಗೂ ಈ ವ್ಯತ್ಯಾಸ ತಿಳಿದಿರಬೇಕು. ಅವರಿಗೆ ತಿಳಿಯಬೇಕಾದರೆ ಮೊದಲು ನಮಗೆ ತಿಳಿದಿರಬೇಕು.

ಇಂಥ ಕಷ್ಟವನ್ನು ನಮಗಿಂತ ಮೊದಲೇ ಉಂಡವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರ ಸಂಗತಿಯನ್ನೇ ಇಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಿಳಿಗಿರಿರಂಗನ ಬೆಟ್ಟ ಇರುವುದು ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ. ಸೋಲಿಗರ ಊರಿಗೆ ಪೋಡು ಎಂದು ಹೆಸರು. ಹಿಂದೆ ಅವರು ಕಾಡಿನಲ್ಲಿ ತುಂಡು ನೆಲ ಹಸನು ಮಾಡಿ ರಾಗಿ ಮೊದಲಾದ ಬೆಳೆ ತೆಗೆದು, ಕೆಲವು ವರ್ಷಕ್ಕೆ ಆ ಜಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಜೇನು, ನೆಲ್ಲಿ, ಗೆಡ್ಡೆಗೆಣಸು ಅವರ ಮಿಕ್ಕ ಆಧಾರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಯ ಬದಿಗೂ ಕಾಡಿನ ಅಂಚಿಗೂ ತಂದು ಕೂರಿಸಿದರು. ಬೇಸಾಯ ಸರದಿ ಮುರಿಯಿತು, ಬೇಟೆ ನಿಂತಿತು. ನಾಗರಹೊಳೆಯಲ್ಲಿ ಜೇನುಕುರುಬರ ಪಾಡು ಇನ್ನೂ ಕಠಿಣ. ಅಲ್ಲಿಂದ ಹೊರಬಿದ್ದ ಗಿರಿಜನ ಕುಟುಂಬಗಳು 3,418 ಎಂದು ಉಚ್ಚ ನ್ಯಾಯಾಲಯ ನೇಮಿಸಿದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು.

ಎಬ್ಬಿಸಿದವನಿಗೆ ನೆಲವಿಲ್ಲ, ಎತ್ತಿಲ್ಲ, ಪಹಣಿಯಿಲ್ಲ. ಪಹಣಿಯಿಲ್ಲದವನಿಗೆ ಸಾಲ ಕೊಡುವವರು ಯಾರು? ಸಾಹುಕಾರ ಮಾತ್ರ. ಕಾಡಿನ ಉತ್ಪನ್ನವನ್ನು ಗುತ್ತಿಗೆದಾರರು ಹರಾಜಿನಲ್ಲಿ ಹಿಡಿಯುತ್ತಿದ್ದರು. ಮರ ಹತ್ತಿದ ಸೋಲಿಗನಿಗೆ ಅವರು ಕೊಟ್ಟದ್ದೇ ಬೆಲೆ, ಅವರ ತಕ್ಕಡಿಯೇ ತೂಕ. ಇದು ತಮಗೆ ಹೊಸದೇನೂ ಅಲ್ಲ. ನಮ್ಮಲ್ಲಿ ಹುಣಸೆ ಮರವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟು ಮುಂಗಡ ತಿಂದವರ ಮನೆಯ ಲೆಕ್ಕವೂ ಇದೇ ತರಹದ್ದು.

ಈ ಸಂಕಟಕ್ಕೆ ಪರಿಹಾರವೆಂದು ಹುಟ್ಟಿದವು ಲ್ಯಾಂಪ್ಸ್ ಎಂಬ ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘಗಳು. 1971ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಬಾವಾ ಸಮಿತಿಯ ಸಲಹೆಯಿಂದ ಈ ಏರ್ಪಾಡು ಬಂತು. ಸೋಲಿಗರ ಸೀಮೆಯಲ್ಲಿ ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರ, ಕೊಳ್ಳೇಗಾಲ ಹೀಗೆ ಮೂರು ಕಡೆ ಸಂಘಗಳು ನಡೆದವು. ಹೆಜ್ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆ, ಮರದ ಪಾಚಿ, ಇವನ್ನು ಸದಸ್ಯರು ತಂದರೆ ಸಂಘ ತೂಗಿ ಕೂಲಿ ಕೊಡುವುದು, ಅನಂತರ ಟೆಂಡರು ಕರೆದು ಮಾರುವುದು. ಗುತ್ತಿಗೆದಾರ ನೇರವಾಗಿ ಪೋಡಿಗೆ ಕಾಲಿಡುವುದು ತಪ್ಪಿತು. ಅದು ದೊಡ್ಡ ಲಾಭವೇ.

ಆದರೆ ಸಂಘದ ಹೆಸರು ಸದಸ್ಯರದ್ದು, ಬೀಗದ ಕೈ ಇನ್ನೊಬ್ಬರದ್ದು ಎನ್ನುವ ಹಾಗಾಯಿತು. ಕಾರ್ಯದರ್ಶಿ ಸರ್ಕಾರದಿಂದ ಬಂದವರು. ಲೆಕ್ಕದ ಪುಸ್ತಕ ಓದಬಲ್ಲ ಸೋಲಿಗರು ಆಗ ಕೆಲವೇ ಮಂದಿ. ನೆಲ್ಲಿಕಾಯಿ ಹಸಿಯಾಗಿಯೇ ಹೊರಗೆ ಹೋಗಿ, ಉಪ್ಪಿನಕಾಯಿಯಾಗಿ ಪೇಟೆಯಲ್ಲಿ ಬೆಲೆ ಬಾಳುತ್ತಿತ್ತು; ಆ ಹೆಚ್ಚುವರಿ ಬೆಲೆ ಪೋಡಿಗೆ ತಿರುಗಿ ಬರುತ್ತಿರಲಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ ಶಾಲೆಗಳ ಜೊತೆಗೆ ಜೇನು ಶುದ್ಧಿ, ಉಪ್ಪಿನಕಾಯಿ ಮುಂತಾದ ಕೆಲಸಗಳನ್ನೂ ಬೆಟ್ಟದಲ್ಲೇ ಆರಂಭಿಸಿತು. ಮಾಲನ್ನು ಹಸನು ಮಾಡಿದವನಿಗೇ ಲಾಭ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. 2002ರಲ್ಲಿ ವನ್ಯಜೀವಿ ಕಾಯಿದೆ ತಿದ್ದುಪಡಿಯಾಗಿ, ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತೆಗೆಯಕೂಡದೆಂದಾಯಿತು. ಕೆಲವೇ ವರ್ಷಗಳಲ್ಲಿ ಬೆಟ್ಟದಲ್ಲೂ ಸಂಗ್ರಹ ನಿಂತಿತು. ಸಂಘವಿದೆ, ಸದಸ್ಯರಿದ್ದಾರೆ, ಗೋದಾಮಿದೆ, ತಕ್ಕಡಿಗೆ ಇಡಲು ಮಾಲಿಲ್ಲ! ಷೇರು ಹಣ ಎಷ್ಟಿದ್ದರೇನು? ಮಾಲಿನ ಮೇಲೆ ಹಕ್ಕಿಲ್ಲದ ಸಂಘಕ್ಕೆ ಬುಡವಿಲ್ಲ. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳಿಗೆ, ಇತರ ಕಡೆಗಳಿಗೆ ಕೂಲಿಗೆ ಹೋದರು.

ಇದನ್ನು ತಿರುಗಿಸಿದ್ದು ಅರಣ್ಯ ಹಕ್ಕು ಕಾಯಿದೆ, 2006. ಇದರ ನಿಯಮಗಳು 2008ರಲ್ಲಿ ಜಾರಿಗೆ ಬಂದವು. ಸೋಲಿಗರು ತಮ್ಮ ಸಂಘಟನೆಯ ಮೂಲಕ, ಕಾಡಿನಲ್ಲಿ ತಮ್ಮ ಹಿರಿಯರ ದೇವರ ತಾಣ, ಕಲ್ಲುಗುಡಿ, ಸಮಾಧಿ, ಹಳೆಯ ಪೋಡು ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ ಅರ್ಜಿ ಹಾಕಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಇನ್ನು ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಮೊದಲು ಪಡೆದವರು ಇವರು. ಜನರಿದ್ದರೆ ಹುಲಿ ಉಳಿಯುವುದಿಲ್ಲ ಎನ್ನುವವರಿಗೆ ಒಂದು ಮಾತು: ಸರ್ಕಾರದ ಅಂದಾಜಿನಂತೆ 2010ರಿಂದ 2014ರೊಳಗೆ ಅಲ್ಲಿನ ಹುಲಿಗಳು ಸುಮಾರು 35ರಿಂದ 68ಕ್ಕೆ ಏರಿದವು. ಸೋಲಿಗರು ಆಗಲೂ ಅಲ್ಲಿಯೇ ಇದ್ದರು. ಅವರು ಹೇಳುವ ಇನ್ನೊಂದು ಸಂಗತಿಯೂ ರೈತನಿಗೆ ಒಪ್ಪುವಂಥದು. ಹಿಂದೆ ಕಾಲಕ್ಕೆ ಸರಿಯಾಗಿ ತೆಳುವಾಗಿ ಬೆಂಕಿ ಕೊಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಪೊದೆ ಮುಚ್ಚಿತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು ಎನ್ನುತ್ತಾರೆ. ನಮ್ಮ ಮಾವಿನ ಮರಕ್ಕೆ ಹತ್ತುವ ಬದನಿಕೆಯ ಜಾತಿಯದೇ ಅದು.

ಈಗ ಅವರ ವ್ಯವಸಾಯದ ವಿಚಾರ. ಬೆಟ್ಟಕ್ಕೆ ಕಾಫಿ ಬಂದದ್ದು ಬ್ರಿಟಿಷ್ ತೋಟಗಾರರ ಕಾಲದಲ್ಲಿ. ಆ ತೋಟಗಳಲ್ಲಿ ಕೂಲಿ ಮಾಡಿದ ಸೋಲಿಗರು ಗಿಡದ ಗುಣ ಕಲಿತು, ತಮ್ಮ ಒಂದೆರಡು ಎಕರೆ ನೆಲದಲ್ಲಿ ಕಾಡುಮರದ ನೆರಳಿಗೆ ಕಾಫಿ ಮೆಣಸು ಹಾಕಿದರು. ಮೊದಲು ಒಬ್ಬೊಬ್ಬರೇ ಒಣ ಹಣ್ಣನ್ನು ಬಂದ ವ್ಯಾಪಾರಿಗೆ ಕೇಳಿದ ಬೆಲೆಗೆ ಕೊಡುತ್ತಿದ್ದರು. ಈಚಿನ ವರ್ಷಗಳಲ್ಲಿ ಬೆಳೆಗಾರರ ಒಂದು ಭಾಗ ಒಟ್ಟುಗೂಡಿ, ಕೆಂಪಾದ ಹಣ್ಣನ್ನೇ ಆರಿಸಿ, ಒಂದೇ ಕಡೆ ಸಂಸ್ಕರಿಸಿ, ಅಡವಿ ಎಂಬ ಹೆಸರಿನಿಂದ ಪೇಟೆಗೆ ಕಳಿಸತೊಡಗಿದರು. ನೆಲವೂ ಅದೇ, ಗಿಡವೂ ಅದೇ. ಬದಲಾದದ್ದು ಆರಿಸುವ ಕ್ರಮ ಮತ್ತು ಒಗ್ಗಟ್ಟು. ಇದು ಕೃಷಿಶಾಲೆಯಲ್ಲಿ ಓದಿದ್ದಕ್ಕಿಂತ ಹೆಚ್ಚು ಬೆಲೆಯ ಪಾಠವೆಂದು ನನ್ನ ಎಣಿಕೆ.

ಒಂದು ತೊಡಕು ಉಳಿದಿದೆ. ಅರಣ್ಯ ಹಕ್ಕಿನ ಭೂಮಿ ಮಕ್ಕಳಿಗೆ ಬರುತ್ತದೆ. ಆದರೆ ಅದನ್ನು ಮಾರುವ ಹಾಗಿಲ್ಲ, ಪರಭಾರೆ ಮಾಡುವ ಹಾಗಿಲ್ಲ. ಅದು ಬಡವನ ರಕ್ಷಣೆಗೇ ಇರುವ ನಿಯಮ, ಇರಲಿ. ಆದರೆ ಅಡಮಾನ ಕೇಳುವ ಕಡೆ ಅವನಿಗೆ ಸಾಲ ಹುಟ್ಟುವುದಿಲ್ಲ. ಇಲ್ಲಿಯೇ ಸಹಕಾರ ಸಂಘದ ಕೆಲಸ. ಬೆಳೆಯನ್ನು ನೋಡಿ, ನೆರೆಯವರ ಜಾಮೀನಿನ ಮೇಲೆ ಸಾಲ ಕೊಡುವುದಕ್ಕೇ ಅಲ್ಲವೇ ಸಂಘ ಹುಟ್ಟಿದ್ದು? 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದಾಗ ಊರಿನವರಿಗೆ ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆಯೇ ದೊಡ್ಡ ಬಂಡವಾಳ.

“ನಮಗೇ ಗೊಬ್ಬರ ಸಾಲದು, ಹೊರಗಿನವರನ್ನು ಸಂಘಕ್ಕೆ ಏಕೆ ಸೇರಿಸಬೇಕು?” ಎನ್ನುವವರು ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಾಲಿನ ಸಂಘವನ್ನು ನೋಡಿ. ಅಲ್ಲಿ ಪಹಣಿ ಯಾರೂ ಕೇಳುವುದಿಲ್ಲ. ಒಂದು ಹಸು ಕಟ್ಟಿದವನೂ ಹಾಲು ಹಾಕುತ್ತಾನೆ. ಹಾಲು ಹೆಚ್ಚಿದಷ್ಟೂ ಸಂಘ ಬಲವಾಯಿತೇ ಹೊರತು ಸೊರಗಲಿಲ್ಲ. ಹುಣಸೆಗೂ ಹೀಗೆಯೇ. ಮರ ನಮ್ಮದು, ಬಡಿದು ಸಿಪ್ಪೆ ಬೀಜ ಬಿಡಿಸುವ ಕೈ ಹಟ್ಟಿಯವರದು, ಕೂಲಿಕಾರ ಹೆಂಗಸರದು. ಬಿಡಿಸಿದ ಹುಣಸೆಗೆ ಬೇರೆಯೇ ಬೆಲೆ. ಆ ಹೆಂಗಸರೂ ಷೇರುದಾರರಾದರೆ ಮಾಲು ನಮ್ಮೂರಲ್ಲೇ ಹಸನಾಗುತ್ತದೆ. ಸಂಘದ ಉಪವಿಧಿಗಳನ್ನು ತೆಗೆದು ಓದಿ, ಭೂಮಿಯಿಲ್ಲದವರಿಗೆ ಸದಸ್ಯತ್ವ ಕೊಡಲು ಅಡ್ಡಿಯಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ತನ್ನಿ.

ಕಾಡಂಚಿನ ಹಟ್ಟಿಗಳ ಸಂಗತಿ ಇನ್ನೊಂದಿದೆ. ಅರಣ್ಯ ಹಕ್ಕು ಕಾಯಿದೆ ಅಭಯಾರಣ್ಯಕ್ಕೂ ಅನ್ವಯಿಸುತ್ತದೆ. ಅದರಲ್ಲಿ ಮೇವಿನ ಹಕ್ಕೂ ಸೇರಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಆ ಕಾಡನ್ನೇ ನೆಚ್ಚಿ ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಕಾಗದವಿಲ್ಲವೆಂದು ಕೈಚೆಲ್ಲಬೇಡಿ. ಹಳೆಯ ಬಾವಿ, ಗುಡಿ, ಸಮಾಧಿಗಳ ಕುರುಹೂ ಸಾಕ್ಷ್ಯವೇ. ಅರ್ಜಿದಾರನಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯವೇ. ಆದರೆ ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಒಬ್ಬೊಬ್ಬರ ಭೂಮಿಗೆ ನಮೂನೆ ಎ, ಮೇವು ಮತ್ತು ಕಿರು ಉತ್ಪನ್ನದಂಥ ಸಮುದಾಯ ಹಕ್ಕಿಗೆ ನಮೂನೆ ಬಿ. ಅರ್ಜಿ ಹೋಗಬೇಕಾದ್ದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ.

ಹುಣಸೆ ಬಡಿಯುವ ಕಾಲ ಬರುವುದರೊಳಗೆ ಹಟ್ಟಿಯ ಹಿರಿಯರನ್ನು ಒಂದು ಸಂಜೆ ಸಂಘದ ಕಟ್ಟೆಗೆ ಕರೆಯಿರಿ. ಸದಸ್ಯರ ಪುಸ್ತಕವೂ ತಕ್ಕಡಿಯೂ ಅವರ ಕಣ್ಣೆದುರಿಗೆ ಇರಲಿ. ಹೇಳಿ ಕಳಿಸಿದರೆ ನಾನೂ ಬರುತ್ತೇನೆ. ಬರೆಯಲು ಬಾರದವರ ಅರ್ಜಿ ಬರೆದುಕೊಡುವ ಕೆಲಸ ನನಗಿರಲಿ.