ಸರ್ವೇ ಕ್ಯಾಂಪಿನಿಂದ ನಾವು ಕಲಿತದ್ದು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರ ಪರವಾಗಿ ಓದಿದ ಭಾಷಣದ ಪಾಠ)



ನಾವು ಅಂದರೆ ಇಬ್ಬರೂ. ಸಿವಿಲ್ ಇಂಜಿನಿಯರಿಂಗ್ ಓದುವ ಈ ಊರಿನ ಮಕ್ಕಳೂ ಹೌದು, ಅವರನ್ನು ಓದಿಸುತ್ತಿರುವ ಹೆತ್ತವರೂ ಹೌದು. ಕೂತು ಮಾತಾಡಿ ಒಟ್ಟಿಗೆ ಬರೆದಿದ್ದೇವೆ. ತಪ್ಪಿದ್ದರೆ ಇಬ್ಬರದ್ದೂ ತಪ್ಪು ಅಂತ ತಿಳಿದು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ಬಂದ ರೈತರು ಬಿಡಾರ ಹಾಕಿದ ಜಾಗಗಳಿಗೆಲ್ಲ ಕ್ಯಾಂಪ್ ಅನ್ನೋ ಹೆಸರು ಅಂಟಿಕೊಂಡಿತು. ಗಂಗಾವತಿಯಿಂದ ಸಿಂಧನೂರಿನ ತನಕ ಎಷ್ಟು ಕ್ಯಾಂಪುಗಳಿವೆ ಅನ್ನುವುದು ನಿಮಗೆ ಗೊತ್ತು. ಹಾಗಾಗಿ 2024ರ ಬೇಸಿಗೆಯಲ್ಲಿ ಕಾಲೇಜಿನಿಂದ ಫೋನ್ ಮಾಡಿ “ಹದಿನೈದು ದಿನ ಕ್ಯಾಂಪಿಗೆ ಹೋಗಬೇಕು” ಅಂತ ಮಕ್ಕಳು ಹೇಳಿದಾಗ, ಮನೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: “ಯಾವ ಕ್ಯಾಂಪು? ಅಲ್ಲಿ ನಮ್ಮೋರು ಯಾರಿದ್ದಾರೆ?”

ಸರ್ವೇ ಕ್ಯಾಂಪ್ ಅನ್ನುವುದು ಸಿವಿಲ್ ಓದುವವರಿಗೆ ಬಹುಕಾಲದಿಂದ ಬಂದ ಪದ್ಧತಿ. ಪರೀಕ್ಷೆ ಮುಗಿದ ಮೇಲೆ ಒಂದು ಊರಿಗೆ ಹೋಗಿ ಬಿಸಿಲಲ್ಲಿ ನಿಂತು ಅಳೆಯಬೇಕು. ಹೊಸ ಕೆರೆ ಕಟ್ಟುವುದಾದರೆ ಎಲ್ಲಿ ಕಟ್ಟಬೇಕು, ಹಳೆ ಕೆರೆ ದುರಸ್ತಿ ಮಾಡುವುದಾದರೆ ಹೂಳು ಎಷ್ಟಿದೆ, ಊರಿಗೆ ಕುಡಿಯುವ ನೀರು ಹೇಗೆ ತರಬೇಕು, ರಸ್ತೆ ಎಲ್ಲಿ ತಿರುಗಬೇಕು — ಈ ನಾಲ್ಕು ಕೆಲಸಕ್ಕೆ ಅಳತೆ ಮಾಡಿ ನಕ್ಷೆ ಬರೆಯಬೇಕು.

ಹೆತ್ತವರಾದ ನಾವು ನಿಜ ಹೇಳುತ್ತೇವೆ. ನಮಗೆ ಇದು ಇಷ್ಟವಿರಲಿಲ್ಲ. ಮಗ ಕಂಪ್ಯೂಟರ್ ತಗೊಳ್ಳಲಿ, ಬೆಂಗಳೂರಲ್ಲಿ ನೆರಳಲ್ಲಿ ಕೂತು ಕೆಲಸ ಮಾಡಲಿ ಅಂತ ನಮ್ಮ ಆಸೆ. 371(ಜೆ) ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸೀಟು ಸಿಗುವುದು ಸ್ವಲ್ಪ ಸುಲಭವಾಯಿತು. ಸಿಕ್ಕ ಸೀಟು ಸಿವಿಲ್ ಆಯಿತು ಅಂತ ನೆಂಟರ ಮುಂದೆ ಹೇಳಲಿಕ್ಕೂ ಮುಜುಗರಪಟ್ಟಿದ್ದೇವೆ. ಹೆಣ್ಣುಮಕ್ಕಳ ತಾಯಂದಿರಿಗಂತೂ ಬೇರೆ ಭಯ. ಪರ ಊರಿನ ಶಾಲೆಯ ಕೋಣೆಯಲ್ಲಿ ಮಲಗಬೇಕು, ನೀರಿಲ್ಲ, ಕಕ್ಕಸಿನ ವ್ಯವಸ್ಥೆ ಹೇಗೋ ಏನೋ. ಮೂರನೇ ದಿನ ಒಬ್ಬ ತಾಯಿ ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ ಹೋಗಿಯೇ ಬಿಟ್ಟರು, ಮಗಳನ್ನು ಕರೆದುಕೊಂಡು ಬರಲಿಕ್ಕೆ. ಹೋಗಿ ನೋಡಿದರೆ ಮಗಳು ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಕೆರೆ ಏರಿಯ ಮೇಲೆ ಬರುತ್ತಿದ್ದಾಳೆ. “ಹೊಲದಾಗ ನೇಗಿಲು ಹೊತ್ತ ಹಂಗ ಕಂಡ್ಳು, ಕರೀಲಿಕ್ಕೆ ಬಾಯೇ ಬರ್ಲಿಲ್ಲ” ಅಂತ ಅವರು ಬಂದು ಹೇಳಿದರು. ಬುತ್ತಿ ಕೊಟ್ಟು ತಿರುಗಿ ಬಂದರು.

ಇನ್ನು ಮಕ್ಕಳಾದ ನಮ್ಮ ಮಾತು.

ಕ್ಯಾಂಪ್ ಬಿದ್ದದ್ದು ನಮ್ಮ ಜಿಲ್ಲೆಯಲ್ಲೇ, ಕುಷ್ಟಗಿ ಕಡೆಯ ಒಂದು ಊರಿನಲ್ಲಿ. ಗಂಗಾವತಿ ಭತ್ತದ ಕಣಜ ಅನ್ನಿಸಿಕೊಂಡರೆ, ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಜನ. ಕಾಲುವೆಯಲ್ಲಿ ಟ್ರ್ಯಾಕ್ಟರ್ ತೊಳೆದು ಬೆಳೆದ ನಾವು, ಎರಡು ಕೊಡ ನೀರಿಗೆ ಸರದಿ ನಿಲ್ಲುವುದನ್ನು ಅಲ್ಲಿ ನೋಡಿದೆವು. ನಮಗೆ ಕೊಟ್ಟ ಕೆಲಸ ಹಳೆ ಕೆರೆಯದ್ದು. ತೂಬಿನ ಕಲ್ಲುಗಳು ಒಂದು ಕಾಲಕ್ಕೆ ಆಳೆತ್ತರ ಕಾಣುತ್ತಿದ್ದವಂತೆ. ನಾವು ಹೋದಾಗ ಮೊಣಕಾಲೆತ್ತರ ಉಳಿದಿದ್ದವು. ಉಳಿದದ್ದು ಹೂಳಿನಲ್ಲಿ.

ಲೆವೆಲ್ ಮಾಡುವುದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಗೌಂಡಿಗಳು ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಎರಡು ಗೋಡೆಯ ಮಟ್ಟ ನೋಡುತ್ತಾರಲ್ಲ, ತತ್ವ ಅದೇ. ನಮ್ಮದು ದುರ್ಬೀನು. ಎತ್ತರ ಗೊತ್ತಿರುವ ಒಂದು ಗುರುತಿನಿಂದ ಹೊರಟು, ಅಳತೆಯ ಪಟ್ಟಿ ಹಿಡಿದವನನ್ನು ಮುಂದೆ ಮುಂದೆ ನಡೆಸುತ್ತ, ಓದಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಸುತ್ತು ಹಾಕಿ ಕೊನೆಗೆ ಹೊರಟ ಗುರುತಿಗೇ ಬರಬೇಕು. ಹೊರಟಾಗ ಎಷ್ಟು ಎತ್ತರವಿತ್ತೋ ಬಂದಾಗಲೂ ಲೆಕ್ಕದಲ್ಲಿ ಅಷ್ಟೇ ಬರಬೇಕು. ಬಂದರೆ ತಾಳೆ. ಬರದಿದ್ದರೆ ದಾರಿಯಲ್ಲಿ ಎಲ್ಲೋ ತಪ್ಪಾಗಿದೆ ಅಂತ ಅರ್ಥ.

ಆ ಗುರುತಿನ ಎತ್ತರವನ್ನು ಸಮುದ್ರ ಮಟ್ಟದಿಂದ ಲೆಕ್ಕ ಹಾಕುತ್ತಾರೆ. ಪ್ರತಿ ವರ್ಷ ಮಳೆಗಾಲ ಬಂತೆಂದರೆ ಪೇಪರಿನಲ್ಲಿ ನಾವೆಲ್ಲ ಮೊದಲು ನೋಡುವುದು ಡ್ಯಾಮಿನ ಮಟ್ಟ. 1633 ಅಡಿ ಅಂದರೆ ಪೂರ್ತಿ. ಅದು ಡ್ಯಾಮಿನ ಗೋಡೆಯ ಎತ್ತರ ಅಂತಲೇ ಊರಲ್ಲಿ ಎಷ್ಟೋ ಜನ ತಿಳಿದಿದ್ದರು. ನಾವೂ ತಿಳಿದಿದ್ದೆವು. ಅದು ಸಮುದ್ರದಿಂದ ಎಣಿಸಿದ ಎತ್ತರ ಅಂತ ಆ ಕೆರೆ ಏರಿಯ ಮೇಲೆ ನಿಂತಾಗ ತಲೆಗೆ ಹೋಯಿತು.

ಈಗ ನಮ್ಮ ತಪ್ಪಿನ ಮಾತು. ಇದನ್ನು ಹೇಳಲೇಬೇಕು ಅಂತ ತೀರ್ಮಾನಿಸಿಯೇ ಬಂದಿದ್ದೇವೆ. ಮೊದಲ ಸುತ್ತು ಸುಮಾರು ಮೂರು ಕಿಲೋಮೀಟರ್. ಅಷ್ಟು ದೂರಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂದರೆ ಸಾಧಾರಣ ಕೆಲಸಕ್ಕೆ ನಡೆಯುತ್ತದೆ. ನಮಗೆ ಬಂದದ್ದು ಹನ್ನೊಂದು. ಮಧ್ಯಾಹ್ನದ ಬಿಸಿಲು, ಹೊಟ್ಟೆ ಹಸಿವು. ಮತ್ತೆ ಮೂರು ಕಿಲೋಮೀಟರ್ ಯಾರು ನಡೆಯಬೇಕು? ಮರದ ಕೆಳಗೆ ಕೂತು ಒಂದು ಅಂಕಿ ತಿದ್ದಿದೆವು. 1.385 ಇದ್ದದ್ದನ್ನು 1.495 ಮಾಡಿದೆವು. ಮೂರು ಹೋಗಿ ನಾಲ್ಕಾಯಿತು, ಎಂಟು ಹೋಗಿ ಒಂಬತ್ತಾಯಿತು. ಲೆಕ್ಕ ತಾಳೆಯಾಯಿತು. ಸಂತೋಷದಿಂದ ಊಟಕ್ಕೆ ಹೋದೆವು.

ಸಂಜೆ ಮೇಷ್ಟ್ರು ಪುಸ್ತಕ ತೆರೆದರು. ಲೆವೆಲ್ ಪುಸ್ತಕದಲ್ಲಿ ರಬ್ಬರ್ ಹಾಕುವ ಹಾಗಿಲ್ಲ, ಅಂಕಿಯ ಮೇಲೆ ಅಂಕಿ ಬರೆಯುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ನಮ್ಮ ನಾಲ್ಕೂ ಒಂಬತ್ತೂ ಸ್ವಲ್ಪ ದಪ್ಪಗಿದ್ದವು. ಅವರು ಬಯ್ಯಲಿಲ್ಲ. “ಈ ಅಳತೆ ನಂಬಿ ತೂಬು ಕೂಡ್ರಿಸಿದರೆ ಕೆಳಗಿನ ಹೊಲದವರಿಗೆ ಉತ್ತರ ಯಾರು ಹೇಳ್ತೀರಿ?” ಅಂತ ಕೇಳಿ ಪುಸ್ತಕ ಮುಚ್ಚಿಟ್ಟರು. ಕಾಲುವೆಗೆ ಸಾವಿರ ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಆಗ ಹನ್ನೊಂದು ಸೆಂಟಿಮೀಟರ್ ಅಂದರೆ ನೂರಹತ್ತು ಮೀಟರ್ ಉದ್ದದ ಇಳಿಜಾರು ಪೂರ್ತಿ ಸುಳ್ಳಾದ ಹಾಗೆ. ಅಂಕಿ ತಿದ್ದಿದರೆ ನೀರು ಕೇಳುವುದಿಲ್ಲ.

ಮರುದಿನ ಬೆಳಗಿನ ಜಾವ ಎದ್ದು ಮೂರು ಕಿಲೋಮೀಟರ್ ಮತ್ತೆ ನಡೆದೆವು. ಎರಡು ಸೆಂಟಿಮೀಟರಿಗೆ ತಾಳೆ ಬಂತು. ಅಳತೆಯ ಪಟ್ಟಿಯನ್ನು ಎಳೆದು ಉದ್ದ ಮಾಡುವಾಗ ಕೊಂಡಿ ಸರಿಯಾಗಿ ಕೂಡದೆ ಹಿಂದಿನ ದಿನ ಒಂದು ಕಡೆ ಕೆಳಕ್ಕೆ ಜಾರಿತ್ತು. ತಪ್ಪು ಇಷ್ಟು ಸಣ್ಣದು. ಮುಚ್ಚಿಟ್ಟದ್ದು ಮಾತ್ರ ದೊಡ್ಡದು.

ಇನ್ನೊಂದು ಮಾತು. ಕ್ಯಾಂಪ್ ಮುಗಿಸಿ ಹೊರಡುವ ದಿನ, ದಿನಾಲೂ ಮಜ್ಜಿಗೆ ಕೊಡುತ್ತಿದ್ದ ಒಬ್ಬ ಮುದುಕಿ “ಇಷ್ಟು ದಿನ ಅಳದ್ರಲ್ಲ, ನೀರು ಯಾವಾಗ ಬರ್ತದ ತಮ್ಮಾ?” ಅಂತ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ನಕ್ಷೆ ಮಾರ್ಕ್ಸ್ ಹಾಕಲಿಕ್ಕೆ, ಆಮೇಲೆ ಕಪಾಟಿಗೆ. ಒಂದು ಪ್ರತಿಯನ್ನು ಊರಿನ ಹಿರಿಯರ ಕೈಗೆ ಕೊಟ್ಟು ಬಂದೆವು. ನಮಗೆ ತಿಳಿದ ಮಟ್ಟಿಗೆ ಹೂಳು ಇನ್ನೂ ಎತ್ತಿಲ್ಲ. ಆ ಮುದುಕಿಯ ಪ್ರಶ್ನೆ ಬಸ್ಸಿನಲ್ಲಿ ನಮ್ಮ ಜೊತೆಗೇ ಬಂತು.

ಊರಿಗೆ ಬಂದಾಗ ಜೂನ್ ತಿಂಗಳು. ಕಾಲುವೆಗೆ ನೀರು ಬಿಟ್ಟಿರಲಿಲ್ಲ. ನಮ್ಮ ಕಡೆಯ ಒಂದು ಹೊಲಗಾಲುವೆಯ ಜಗಳ ನಿಮಗೆಲ್ಲ ಗೊತ್ತಿದ್ದದ್ದೇ. ಕೊನೆಯ ಆರು ಮನೆಯವರಿಗೆ ನೀರು ಮುಟ್ಟುವುದಿಲ್ಲ. ಮೇಲಿನವರು ಕದಿಯುತ್ತಾರೆ ಅಂತ ಕೆಳಗಿನವರು, ಸೋಮಾರಿಗಳು ಅಂತ ಮೇಲಿನವರು. ಒಬ್ಬರ ಮದುವೆಗೆ ಒಬ್ಬರು ಹೋಗದಷ್ಟು ಬೆಳೆದಿತ್ತು. ಆ ಆರು ಮನೆಯವರಲ್ಲಿ ಈಗ ಮಾತಾಡುತ್ತಿರುವ ನಾವೂ ಇದ್ದೇವೆ.

ಮಕ್ಕಳು ಗಂಗಾವತಿಯಿಂದ ಇಪ್ಪತ್ತು ಮೀಟರ್ ಪಾರದರ್ಶಕ ಪೈಪು ತಂದರು. ಗೌಂಡಿಯಿಂದ ಎರಡು ಗೂಟ ಇಸಕೊಂಡರು. ಎರಡು ಬೆಳಗು ಹೊಲಗಾಲುವೆಯ ತಳ ಅಳೆದರು. ನೋಡಲಿಕ್ಕೆ ಮೇಲಿನವರೂ ಬಂದರು, ಕೆಳಗಿನವರೂ ಬಂದರು. ಹೋದ ದಾರಿಯಲ್ಲೇ ತಿರುಗಿ ಅಳೆದು ತಾಳೆ ಮಾಡಿದ ಮೇಲೆಯೇ ಬಾಯಿ ಬಿಟ್ಟರು. ಮಧ್ಯದಲ್ಲಿ ಟ್ರ್ಯಾಕ್ಟರ್ ದಾಟಲಿಕ್ಕೆ ಹಾಕಿದ ಸಿಮೆಂಟ್ ಪೈಪಿನ ತಳ, ಕಾಲುವೆಯ ತಳಕ್ಕಿಂತ ಒಂದು ಗೇಣು ಮೇಲಿತ್ತು. ನೀರು ಅಲ್ಲಿ ನಿಂತು ಹಿಂದಕ್ಕೇ ಒತ್ತುತ್ತಿತ್ತು.

ಆ ಪೈಪು ಹಾಕಿದವರು ಯಾರು? ಕೆಳಗಿನ ಆರು ಮನೆಯವರೇ. ನಾವೇ.

ಮೇಲಿನವರು ರಾತ್ರಿ ಹೊತ್ತು ತೂಬು ಎತ್ತಿದ್ದೇ ಇಲ್ಲ ಅಂತ ನಾವು ಹೇಳುವುದಿಲ್ಲ. ಅವರೂ ಹಾಗೆ ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಆದರೆ ವರ್ಷಾನುಗಟ್ಟಲೆ ಬಯ್ದ ಬೈಗುಳದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಪೈಪಿಗೇ ಸಲ್ಲಬೇಕಾಗಿತ್ತು. ಪೈಪು ಕಿತ್ತು ಕೆಳಗಿಳಿಸುವ ದಿನ ಮೇಲಿನವರೇ ಇಬ್ಬರು ಸನಿಕೆ ತಂದರು. ಆ ಮುಂಗಾರಿನಲ್ಲಿ ಕೊನೆಯ ಗದ್ದೆಗೂ ನೀರು ಮುಟ್ಟಿತು. ಹೆತ್ತವರಾದ ನಮಗೆ ಸಿವಿಲ್ ಅಂದರೆ ಏನು ಅಂತ ತಿಳಿದದ್ದು ಅವತ್ತು.

ಅದೇ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು ಕಣ್ಣೆದುರಿಗೇ ಖಾಲಿಯಾಗುವುದೇನೋ ಅಂತ ಈ ಊರು ನಿದ್ದೆ ಮಾಡಲಿಲ್ಲ. ಆಗ ಮನೆಮನೆಯಲ್ಲಿ ಟಿವಿ ಮುಂದೆ ಮಕ್ಕಳೇ ವಿವರಿಸಿದರು. 33 ಗೇಟುಗಳಿವೆ, ಒಂದಕ್ಕೆ ಒತ್ತಡ ಕಡಿಮೆಯಾಗಬೇಕಾದರೆ ಉಳಿದವನ್ನೂ ಎತ್ತಿ ನೀರು ಬಿಡಬೇಕು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕು ಅಂತ. ನಿವೃತ್ತಿಯಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನಿಂತರು. ಎಷ್ಟೋ ಜನ ಕೆಲಸಗಾರರು ಜೀವ ಒತ್ತೆ ಇಟ್ಟು ದುಡಿದರು. ಒಂದು ವಾರದಲ್ಲಿ ನೀರು ನಿಂತಿತು. ನಮ್ಮ ಭತ್ತ ಉಳಿಯಿತು.

1945ರಲ್ಲಿ ಅಡಿಗಲ್ಲು ಹಾಕಿ, 1953ರ ಹೊತ್ತಿಗೆ ನೀರು ಕೊಟ್ಟ ಡ್ಯಾಮು ಅದು. ಅದರ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿದು ರಾಯಚೂರು ಜಿಲ್ಲೆಯ ಹೊಲಗಳಿಗೆ ಹೋಗುತ್ತದೆ. ಎಲ್ಲೂ ಪಂಪಿಲ್ಲದೆ, ಬರೀ ಇಳಿಜಾರಿನ ಮೇಲೆ. ಯಾರೋ ಪುಣ್ಯಾತ್ಮರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಬಿಸಿಲಲ್ಲಿ ನಡೆದು, ತಾಳೆಯಾಗದ ಕಡೆ ಮತ್ತೆ ನಡೆದು ಅಳೆದದ್ದರಿಂದ ಇದು ಸಾಧ್ಯವಾಯಿತು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ಅನ್ನ ಮಾತ್ರ ದಿನಾ ಉಣ್ಣುತ್ತಿದ್ದೇವೆ. ಆನೆಗೊಂದಿ ಕಡೆ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ ಅಂದಮೇಲೆ ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಆದರೆ ಕಟ್ಟಿದ್ದನ್ನು ನೋಡಿಕೊಳ್ಳುವವರು ಬೇಕು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಚೈನು ಸವೆಯುತ್ತದೆ, ಏರಿ ಕುಸಿಯುತ್ತದೆ, ಪೈಪು ಎತ್ತರವಾಗುತ್ತದೆ. ನಮ್ಮ ಮಕ್ಕಳೆಲ್ಲರೂ ನೆರಳಿಗೆ ಹೋದರೆ ಬಿಸಿಲಲ್ಲಿ ನಿಲ್ಲುವವರು ಯಾರು?

ಹಾಗಂತ ಸಿವಿಲ್ ಓದಿದವರಿಗೆಲ್ಲ ಒಳ್ಳೆ ಸಂಬಳ ಸಿಗುತ್ತಿದೆ ಅಂತ ಸುಳ್ಳು ಹೇಳುವುದಿಲ್ಲ. ಶುರುವಿನಲ್ಲಿ ಕಡಿಮೆಯೇ. ಅದನ್ನೂ ತಿಳಿದೇ ಈ ದಾರಿ ಹಿಡಿಯಬೇಕು.

ಕೊನೆಗೆ ಸಂಘಕ್ಕೆ ಒಂದು ವಿನಂತಿ. ನಮ್ಮ ಸಂಘ ಇಪ್ಪತ್ತೈದು ವರ್ಷ ಬಾಳಿದ್ದು ಯಾತರಿಂದ? ಪ್ರತಿ ದಿನ ಸಂಜೆ ರೋಖಡಿ ತಾಳೆಯಾದ್ದರಿಂದ. ತಾಳೆಯಾಗದ ದಿನ ಕಾರ್ಯದರ್ಶಿಗಳು ರಾತ್ರಿ ಎಂಟಾದರೂ ಕೂತು ಹುಡುಕಿದ್ದನ್ನು ನಾವು ನೋಡಿದ್ದೇವೆ. ಸಂಘದ ಪುಸ್ತಕದಲ್ಲೂ ರಬ್ಬರ್ ಇಲ್ಲ, ಲೆವೆಲ್ ಪುಸ್ತಕದಲ್ಲೂ ಇಲ್ಲ. ಆದ್ದರಿಂದ ಬೆಳ್ಳಿ ಹಬ್ಬದ ನೆನಪಿಗೆ ಸಂಘದಿಂದ ಒಂದು ಲೆವೆಲ್ ಯಂತ್ರ, ಒಂದು ಅಳತೆಯ ಪಟ್ಟಿ ಕೊಳ್ಳೋಣ. ಹಳೆಯದಾದರೂ ನಡೆಯುತ್ತದೆ. ಪ್ರತಿ ಬೇಸಿಗೆ, ಕಾಲುವೆ ಒಣಗಿದಾಗ, ಇಂಜಿನಿಯರಿಂಗ್ ಓದುವ ಮಕ್ಕಳು ಹೈಸ್ಕೂಲ್ ಮಕ್ಕಳನ್ನು ಜೊತೆಗೆ ಕರೆದುಕೊಂಡು ಒಂದೊಂದು ಹೊಲಗಾಲುವೆ ಅಳೆದು ಕೊಡುತ್ತೇವೆ. ಕೂಲಿ ಬೇಡ. ಮಧ್ಯಾಹ್ನ ಊಟ ಹಾಕಿದರೆ ಸಾಕು. ಅಳತೆಯ ಪುಸ್ತಕ ಸಂಘದ ಕಪಾಟಿನಲ್ಲಿ, ಲೆಕ್ಕದ ಪುಸ್ತಕದ ಪಕ್ಕದಲ್ಲೇ ಇರಲಿ. ಜಗಳ ಬಂದಾಗ ಬಾಯಿ ತೆರೆಯುವ ಮೊದಲು ಅದನ್ನು ತೆರೆಯೋಣ.

ಕುಷ್ಟಗಿ ಕಡೆಯ ಆ ತಾಯಿಗೆ ನಾವು ಉತ್ತರ ಕೊಡಲಾಗಲಿಲ್ಲ. ನಮ್ಮ ಊರಿನಲ್ಲಾದರೂ ಕೇಳಿದವರಿಗೆ ಉತ್ತರ ಕೊಡುವಂತಾಗಲಿ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.