ಕಮಾಂಡಿನ ಸಾಲಿನಲ್ಲಿ ಪಾಸ್‌ವರ್ಡ್ ಬೇಡ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಕಚೇರಿಯ ಬೀರುವಿಗೆ ಬೀಗ ಹಾಕಿ, ಕೀಲಿಕೈಯನ್ನು ಪಕ್ಕದ ಮೊಳೆಗೇ ನೇತುಹಾಕಿದರೆ ಯಾರಾದರೂ ಆಕ್ಷೇಪಿಸುತ್ತಾರೆ. ಕಂಪ್ಯೂಟರಿನಲ್ಲಿ ಇದೇ ತಪ್ಪು ನಡೆದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಡಾವಳಿ, ಕರ ವಸೂಲಿ ಪಟ್ಟಿ, ಫಲಾನುಭವಿಗಳ ಅರ್ಜಿಗಳ ಸ್ಕ್ಯಾನ್ ಪ್ರತಿ ಮುಂತಾದ ಕಡತಗಳ ನಕಲನ್ನು ದಿನವೂ ಬೇರೊಂದು ಸರ್ವರಿಗೆ ಕಳುಹಿಸಿಡುವ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲಿನಕ್ಸ್ ಇರುವ ಯಂತ್ರಗಳಲ್ಲಿ ಈ ಕೆಲಸಕ್ಕೆ ಎಲ್‌ಎಫ್‌ಟಿಪಿ ಎಂಬ ಉಚಿತ ತಂತ್ರಾಂಶ ದೊರೆಯುತ್ತದೆ. ಇದರಲ್ಲಿ ಒತ್ತುವ ಗುಂಡಿಗಳಾಗಲಿ ಚಿತ್ರಗಳಾಗಲಿ ಇಲ್ಲ; ಒಂದು ಸಾಲಿನ ಕಮಾಂಡ್ ಟೈಪಿಸಿದರೆ ಕಡತಗಳು ರವಾನೆಯಾಗುತ್ತವೆ.

ಆ ಸಾಲಿನಲ್ಲಿಯೇ ಬಳಕೆದಾರರ ಹೆಸರು, ನಂತರ ಅಲ್ಪವಿರಾಮ, ನಂತರ ಪಾಸ್‌ವರ್ಡ್ ಬರೆಯಲು ಅವಕಾಶವಿದೆ. ಅವಸರದಲ್ಲಿರುವವರು ಹಾಗೆಯೇ ಬರೆದು ಹೋಗುತ್ತಾರೆ. ಟೈಪಿಸಿದ ಸಾಲುಗಳನ್ನು ಬ್ಯಾಶ್ ಎಂಬ ವ್ಯವಸ್ಥೆ ಒಂದು ಇತಿಹಾಸ ಕಡತದಲ್ಲಿ ದಾಖಲಿಸಿಕೊಳ್ಳುತ್ತದೆ. ಅದೇ ಲಾಗಿನ್ ಬಳಸುವ ಮತ್ತೊಬ್ಬರು ಮೇಲ್ಮುಖ ಬಾಣದ ಕೀಲಿಯನ್ನು ಒತ್ತುತ್ತ ಹೋದರೆ ಹಳೆಯ ಸಾಲು ಪಾಸ್‌ವರ್ಡ್ ಸಮೇತ ಕಾಣಬಹುದು. ಕಮಾಂಡನ್ನು ಸ್ಕ್ರಿಪ್ಟ್ ಕಡತದಲ್ಲಿ ಬರೆದಿಟ್ಟಿದ್ದರೆ, ಪೆನ್‌ಡ್ರೈವ್‌ನಲ್ಲಿ ಅದನ್ನು ಒಯ್ದವರ ಜೊತೆ ಪಾಸ್‌ವರ್ಡೂ ಹೊರಗೆ ಹೋಗುತ್ತದೆ. ಆ ಪಾಸ್‌ವರ್ಡ್ ಪಡೆದವರು ಅರ್ಜಿದಾರರ ದಾಖಲೆಗಳನ್ನು ಓದಬಲ್ಲರು. ಸರ್ವರಿನಲ್ಲಿ ಅನುಮತಿ ಇದ್ದರೆ ಅಳಿಸಲೂ ಬಲ್ಲರು.

ಇದನ್ನು ತಪ್ಪಿಸುವ ಒಂದು ವಿಧಾನವೇ ಎನ್ವಿರಾನ್‌ಮೆಂಟ್ ವೇರಿಯಬಲ್. ಒಂದು ಹೆಸರನ್ನೂ ಅದರ ಬೆಲೆಯನ್ನೂ ಕಂಪ್ಯೂಟರಿನ ಸ್ಮರಣೆಯಲ್ಲಿ ತಾತ್ಕಾಲಿಕವಾಗಿ ಇರಿಸಿ, ಅಲ್ಲಿಂದ ಆರಂಭವಾಗುವ ತಂತ್ರಾಂಶಗಳಿಗೆ ಒದಗಿಸುವ ಏರ್ಪಾಡು ಇದು. ಎಲ್‌ಎಫ್‌ಟಿಪಿಗಾಗಿ ನಿಗದಿಯಾದ ಹೆಸರು ‘ಎಲ್‌ಎಫ್‌ಟಿಪಿ’ ಮತ್ತು ‘ಪಾಸ್‌ವರ್ಡ್’ ಎಂಬೆರಡು ಪದಗಳನ್ನು ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಅಡಿಗೆರೆಯಿಂದ ಜೋಡಿಸಿದ್ದು. ಕಮಾಂಡಿನಲ್ಲಿ ‘ಎನ್ವ್-ಪಾಸ್‌ವರ್ಡ್’ ಎಂಬ ಆಯ್ಕೆಯನ್ನು ನಮೂದಿಸಿದರೆ ತಂತ್ರಾಂಶವು ಪಾಸ್‌ವರ್ಡನ್ನು ಅಲ್ಲಿಂದ ಪಡೆಯುತ್ತದೆ. ಆದರೆ ಆ ಬೆಲೆಯನ್ನು ಸ್ಥಾಪಿಸುವಾಗಲೂ ಪಾಸ್‌ವರ್ಡನ್ನು ನೇರವಾಗಿ ಟೈಪಿಸಿದರೆ ಅದು ಮತ್ತೆ ಇತಿಹಾಸ ಕಡತಕ್ಕೇ ಸೇರುತ್ತದೆ! ಆದ್ದರಿಂದ ಅಕ್ಷರಗಳನ್ನು ಪರದೆಯ ಮೇಲೆ ತೋರಿಸದೆ ಸ್ವೀಕರಿಸುವ ಬ್ಯಾಶ್‌ನ ‘ರೀಡ್’ ಆದೇಶವನ್ನು ಮೊದಲು ಬಳಸಿ, ಅನಂತರ ‘ಎಕ್ಸ್‌ಪೋರ್ಟ್’ ಮಾಡತಕ್ಕದ್ದು. ಕೆಲಸ ಮುಗಿದ ಮೇಲೆ ಆ ಕಿಟಕಿಯನ್ನು ಮುಚ್ಚಿದರೆ ಅಲ್ಲಿ ಇರಿಸಿದ ಬೆಲೆಯೂ ಇಲ್ಲವಾಗುತ್ತದೆ.

ಇದು ತಿಜೋರಿಯಲ್ಲ ಎಂಬುದನ್ನೂ ಹೇಳಲೇಬೇಕು. ಅದೇ ಲಾಗಿನ್‌ನಲ್ಲಿರುವವರಿಗೂ ಯಂತ್ರದ ಮೇಲ್ವಿಚಾರಕರಿಗೂ ಈ ಬೆಲೆ ಗೋಚರಿಸಬಲ್ಲದು. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ರಿಪೇರಿಗೆ ಬಂದವರು ಎಲ್ಲರೂ ಒಂದೇ ಲಾಗಿನ್ ಬಳಸುವ ಕಚೇರಿಯಲ್ಲಿ ವೇರಿಯಬಲ್‌ನಿಂದ ಸಿಗುವ ರಕ್ಷಣೆ ಅತ್ಯಲ್ಪ. ಅಂಥಲ್ಲಿ ಮೊದಲು ಆಗಬೇಕಾದುದು ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್. ಅಲ್ಲದೆ, ಹಳೆಯ ಎಫ್‌ಟಿಪಿ ವಿಧಾನದಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಜಾಲದಲ್ಲಿ ಸಾಗುತ್ತದೆ. ಎಸ್‌ಎಫ್‌ಟಿಪಿ ಬಳಸದೆ ವೇರಿಯಬಲ್ ಒಂದನ್ನೇ ನಂಬಿದರೆ ಪ್ರಯೋಜನವಿಲ್ಲ.

ರಾತ್ರಿ ತಾನಾಗಿಯೇ ಓಡುವ ನಕಲು ಕಾರ್ಯಕ್ಕೆ ಪಾಸ್‌ವರ್ಡ್ ಟೈಪಿಸಲು ಯಾರೂ ಇರುವುದಿಲ್ಲ. ಅಲ್ಲಿ ಮಾಲೀಕ ಲಾಗಿನ್ ಮಾತ್ರ ಓದಬಲ್ಲ ಪ್ರತ್ಯೇಕ ಕಡತದಿಂದ ಬೆಲೆಯನ್ನು ತುಂಬಬೇಕಾಗುತ್ತದೆ. ಇಲ್ಲವೇ ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀಲಿಯನ್ನು ಬಳಸಬಹುದು. ಎರಡನೆಯದೇ ಉತ್ತಮ.

ಸದಸ್ಯರು ಇವುಗಳಲ್ಲಿ ಯಾವುದನ್ನೂ ಸ್ವತಃ ಟೈಪಿಸಬೇಕಾಗಿಲ್ಲ. ಇಂಥ ಕೆಲಸದ ಬಿಲ್ಲು ಸಭೆಯ ಮುಂದೆ ಬಂದಾಗ, ಪಾಸ್‌ವರ್ಡ್ ಎಲ್ಲಿ ಇರಿಸಲಾಗಿದೆ, ಯಾರ ಲಾಗಿನ್‌ಗೆ ಅದು ಕಾಣುತ್ತದೆ, ಹಿಂದಿನ ಆಪರೇಟರ್ ಕೆಲಸ ಬಿಟ್ಟ ಮೇಲೆ ಅದನ್ನು ಬದಲಾಯಿಸಿದ ದಿನಾಂಕ ಯಾವುದು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಬಹುದು. ಪಾಸ್‌ವರ್ಡನ್ನು ಮಾತ್ರ ನಡಾವಳಿಯಲ್ಲಿ ಬರೆಯಕೂಡದು.